ಗುಣವಾದವರ ಲೆಕ್ಕದಲ್ಲಿ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳನ್ನು ಎಲ್ಲರೂ ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಬಂದು ಏಪ್ರನ್ ಕಟ್ಟಿಕೊಳ್ಳುತ್ತಿರುವಾಗಲೇ, ಒಳಗೆ ಕಾಲಿಡುವ ಮೊದಲೇ, "ಯಾರಪ್ಪ ಅದು, ಹಾಲು ತಳ ಹಿಡಿಸ್ತಿರೋದು?" ಎಂದು ಕೂಗುವವಳು ಅವಳು. ಎಣ್ಣೆ ಹಳತಾಗಿದೆಯೋ, ಬೆಳ್ಳುಳ್ಳಿ ಸೀಯುವುದಕ್ಕೆ ಹೊರಟಿದೆಯೋ, ಎಲ್ಲ ಅವಳ ಮೂಗಿಗೆ ಮೊದಲು ಗೊತ್ತಾಗುತ್ತಿತ್ತು. ಹಬೆ ಮೂಸಿ ಉಪ್ಪು ಹೇಳುತ್ತಾಳೆ ಎಂದು ಜೊತೆಯವರು ರೆಕ್ಕೆಪುಕ್ಕ ಕಟ್ಟಿ ಹೇಳಿದರೂ ಅವಳು ಅಲ್ಲಗಳೆಯುತ್ತಿರಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಊರಿಗೆಲ್ಲ ಹಬ್ಬಿದ್ದ ಸೋಂಕು ಕ್ಯಾಂಟೀನಿಗೂ ಬಂತು, ಜೊತೆಯವರಲ್ಲಿ ಒಬ್ಬಿಬ್ಬರನ್ನು ಕೊಂಡೊಯ್ದಿತು. ಗಂಡ ತೀರಿಕೊಂಡ ಮೇಲೆ ಅವಳು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಸೋಂಕು ತಗುಲಿ ಅಲ್ಲೇ ಮಲಗಿದಳು. ಅಕ್ಕ ಬಾಗಿಲ ಹೊರಗೆ ಊಟವಿಟ್ಟು ಹೋಗುತ್ತಿದ್ದಳು. ಜ್ವರ ಇಳಿಯಿತು, ಕೆಮ್ಮು ನಿಂತಿತು. ಆದರೆ ಸ್ನಾನಕ್ಕೆ ಹೋದರೆ ಸೋಪಿಗೆ ವಾಸನೆಯೇ ಇಲ್ಲ. ನಾಲಿಗೆಗೂ ರುಚಿಯಿಲ್ಲ, ಕಾಫಿ ಎಂದರೆ ಬರೀ ಬಿಸಿನೀರು. ವಾರದಲ್ಲಿ ಸರಿಹೋಗುತ್ತದೆ ಎಂದರು, ಆಮೇಲೆ ತಿಂಗಳು ಎಂದರು. ವರ್ಷವೇ ಕಳೆಯಿತು. ವಾಸನೆ ಬಂದರೂ ಒಮ್ಮೊಮ್ಮೆ ಮಾತ್ರ, ಅದೂ ಅಡ್ಡಾದಿಡ್ಡಿ. ಬೇಯುತ್ತಿರುವ ಈರುಳ್ಳಿ ಸುಟ್ಟ ರಬ್ಬರಿನಂತೆ ನಾತ ಹೊಡೆಯುತ್ತಿತ್ತು.

ಒಂದು ದಿನ ಅವಳು ಒಲೆಯ ಮುಂದೆ ಲೈಟರ್ ಹಿಡಿದು ನಿಂತಿದ್ದಾಗ ಪಾತ್ರೆ ತೊಳೆಯುವಾಕೆ ಬಾಗಿಲಿನಿಂದ ಕಿರುಚಿದಳು. "ಹಚ್ಚಬೇಡಕ್ಕಾ! ಗ್ಯಾಸ್!" ತಿರುಪು ಯಾವಾಗಿನಿಂದಲೋ ತೆರೆದೇ ಇತ್ತು. ಲೈಟರ್ ಕೈಯಿಂದ ಜಾರಿತು. ಮರುದಿನದಿಂದ ಮ್ಯಾನೇಜರ್ ಅವಳನ್ನು ಒಲೆಯಿಂದ ಎಬ್ಬಿಸಿ ತರಕಾರಿ ಹೆಚ್ಚುವುದಕ್ಕೆ ಕೂರಿಸಿದ.

ಅಕ್ಕನ ಗಂಡನಿಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ. ವ್ಯಾಪಾರಿಗಳ ಸಂಘದ ಕಾರ್ಯದರ್ಶಿಯೂ ಅವನೇ. ಸರ್ಕಾರ ಪೇಟೆ ಮುಚ್ಚಿಸಿದಾಗ ಮಳಿಗೆಯೊಳಗಿನ ಚರ್ಮಕ್ಕೆಲ್ಲ ಬೂಷ್ಟು ಹಿಡಿದಿತ್ತು. ಅವನ ಸಂಕಟ ಸುಳ್ಳಲ್ಲ. ಆದರೆ ಆ ಸಂಕಟ ಹೊರಬರುತ್ತಿದ್ದ ದಾರಿಯೇ ಬೇರೆ. "ಇದೊಂದು ನೆಗಡಿ ಕಣ್ರೀ. ನೂರಕ್ಕೆ ತೊಂಬತ್ತೊಂಬತ್ತು ಜನ ಎದ್ದು ಓಡಾಡ್ತಾರೆ. ನಮ್ಮ ನಾದಿನೀನೇ ನೋಡಿ, ಬಂತು, ಹೋಯ್ತು!" ಫೋನಿನಲ್ಲೂ ಇದೇ, ಕಟ್ಟೆಯ ಮೇಲೂ ಇದೇ. ಒಳಗೆ ಕೂತ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನ ಮುಖ ನೋಡಿ ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ಸೋಂಕು ಮತ್ತೆ ಏರತೊಡಗಿತು. ಪೇಟೆಯನ್ನು ಇನ್ನೊಮ್ಮೆ ಮುಚ್ಚಬೇಕೇ ಎಂದು ಚರ್ಚಿಸಲು ಬಡಾವಣೆಯವರೆಲ್ಲ ಸಭಾಭವನದಲ್ಲಿ ಸೇರಿದರು. ವೇದಿಕೆಯ ಒಂದು ಬದಿಗೆ ಆಸ್ಪತ್ರೆಯ ಡಾಕ್ಟರಮ್ಮ, ಇನ್ನೊಂದು ಬದಿಗೆ ಭಾವ. ಅಕ್ಕ ಬಲವಂತ ಮಾಡಿದ್ದರಿಂದ ಅವಳೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಡಾಕ್ಟರಮ್ಮ ಸಾವಿನ ಅಂಕಿ ಓದಿದರು. ಭಾವ ಬದುಕಿದವರ ಅಂಕಿ ಓದಿದ. ಜನ ಆ ಕಡೆ ಅರ್ಧ, ಈ ಕಡೆ ಅರ್ಧ ಕೂಗಿದರು. ಇದ್ದಕ್ಕಿದ್ದಂತೆ ಭಾವ ಮೈಕಿನಲ್ಲಿ, "ಸಾಕ್ಷಿ ಬೇಕಾ? ನನ್ನ ನಾದಿನಿ ಇಲ್ಲೇ ಇದಾಳೆ. ಎದ್ದು ನಿಂತ್ಕೊಳಮ್ಮ, ಎಲ್ಲರೂ ನೋಡ್ಲಿ!" ಎಂದ.

ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಜನ ತಿರುಗಿ ನೋಡಿದರು. ನೋಡಿ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಅವಳನ್ನು ಎಬ್ಬಿಸಿತು. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ನಾನು ಸತ್ತಿಲ್ಲ, ನಿಜ. ಆದ್ರೆ ಒಲೆ ಮುಂದಿನ ಕೆಲಸ ಹೋಯ್ತು. ಅನ್ನ ಬಾಯಿಗಿಟ್ರೆ ಮಣ್ಣು ತಿಂದ ಹಾಗಿದೆ. ಗ್ಯಾಸ್ ಸೋರ್ತಿದ್ರೂ ಗೊತ್ತಾಗಲ್ಲ ನಂಗೆ. ಇನ್ನೊಂದು ಕ್ಷಣ ಆಗಿದ್ರೆ ಇಡೀ ಕ್ಯಾಂಟೀನ್ ಸುಟ್ಟು ಬೂದಿ ಆಗ್ತಿತ್ತು. ಇದು ನಿಮಗೆ ನೆಗಡೀನಾ?"

ಭಾವ ನಗೆಯಲ್ಲಿ ತೇಲಿಸಲು ನೋಡಿದ. "ಅಯ್ಯೋ, ಹೋಗಿದ್ದು ವಾಸನೆ ತಾನೇ, ಪ್ರಾಣ ಅಲ್ವಲ್ಲ."

ಯಾರೋ ಕಿಸಕ್ಕೆಂದರು.

"ನಿಮ್ಮ ಅಂಗಡಿಗೆ ಬೀಗ ಬಿದ್ದಾಗ, 'ಅಂಗಡಿ ತಾನೇ, ಪ್ರಾಣ ಅಲ್ವಲ್ಲ' ಅಂತ ನಾನಂದೆನಾ ಭಾವ?"

ಭಾವನ ಮುಖ ಕಪ್ಪಿಟ್ಟಿತು. ಡಾಕ್ಟರಮ್ಮ ತಮ್ಮ ಮೈಕು ಎತ್ತಿಕೊಂಡರು. "ನೋಡಿದ್ರಾ, ನಾವು ಇಷ್ಟು ದಿನ ಬಡ್ಕೊಂಡಿದ್ದು ಇದನ್ನೇ. ಇವರೇ ಜೀವಂತ ಉದಾಹರಣೆ..."

"ನೀವೂ ನಿಲ್ಸಿ ಡಾಕ್ಟರಮ್ಮ!" ಅವಳು ಆ ಕಡೆ ತಿರುಗಿದಳು. "ನಾನು ನಿಮ್ಮ ಹತ್ರ ಬಂದಿದ್ದೆ. ನೆನಪಿದ್ಯಾ? 'ಜ್ವರ ಇಲ್ಲ, ಗುಣ ಆಗಿದೆ, ಮುಂದಿನವರು ಬನ್ನಿ' ಅಂದ್ರಿ. ನನ್ನ ಮುಖ ಕೂಡ ಎತ್ತಿ ನೋಡ್ಲಿಲ್ಲ. ಇವತ್ತು ನಿಮಗೆ ಮಾತು ಗೆಲ್ಲೋಕೆ ನಾನು ಬೇಕಾದೆ. ಇವರಿಗೂ ಅದಕ್ಕೇ ಬೇಕಾದೆ. ನನಗೇನು ಬೇಕು ಅಂತ ಒಬ್ರಾದ್ರೂ ಕೇಳಿದ್ರಾ?"

ಅವಳು ಮೈಕನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಬಂದಳು. ಬೆನ್ನ ಹಿಂದೆ ಮತ್ತೆ ಅದೇ ಅಂಕಿ, ಅದೇ ಕೂಗು. ಕೊನೆಗೆ ಪೇಟೆಯನ್ನು ಮಧ್ಯಾಹ್ನದವರೆಗೆ ತೆರೆಯುವುದೆಂದು ತೀರ್ಮಾನವಾಯಿತಂತೆ.

ಭಾವ ಅವಳೊಂದಿಗೆ ಮಾತು ಬಿಟ್ಟ. ಒಂದು ಸಂಜೆ ಊಟದ ಹೊತ್ತಿಗೆ ಅವನು ಟೀವಿ ಹಾಕಿದ. ಅಲ್ಲೂ ನಾಲ್ಕು ಜನ ರೋಗ ದೊಡ್ಡದೋ ಚಿಕ್ಕದೋ ಎಂದು ಕಿತ್ತಾಡುತ್ತಿದ್ದರು. ಅಕ್ಕ ಎದ್ದು ಹೋಗಿ ಟೀವಿ ಆರಿಸಿದಳು. ಗಂಡನ ಮಾತಿಗೆ ಎಂದೂ ಎದುರಾಡದವಳು.

"ನನ್ನ ಕಷ್ಟ ಈ ಮನೇಲಿ ಯಾರಿಗೆ ಅರ್ಥ ಆಗುತ್ತೆ?" ಎಂದು ಅವನು ತಟ್ಟೆ ತಳ್ಳಿದ.

"ನಿಮ್ಮ ಕಷ್ಟ ಸುಳ್ಳು ಅಂತ ನಾನ್ಯಾವತ್ತೂ ಹೇಳಿಲ್ಲ ಭಾವ," ಎಂದಳು ಅವಳು. "ನನ್ನದನ್ನ ಸುಳ್ಳು ಮಾಡಬೇಡಿ, ಅಷ್ಟೇ."

ಅವನು ತಪ್ಪಾಯಿತು ಎನ್ನಲಿಲ್ಲ. ಎನ್ನುವ ಗಂಡಸೂ ಅಲ್ಲ. ತಟ್ಟೆಯನ್ನು ಮಾತ್ರ ಮತ್ತೆ ಹತ್ತಿರ ಎಳೆದುಕೊಂಡ. ಆಮೇಲೆ ಕಟ್ಟೆಯ ಮೇಲಿನ ಮಾತಿನಲ್ಲಿ ನಾದಿನಿಯ ಸುದ್ದಿ ಬರಲಿಲ್ಲ.

ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ. ಅದೇ ಸಿಟ್ಟಿನಲ್ಲಿ ಮ್ಯಾನೇಜರನ ಕೋಣೆಗೆ ನುಗ್ಗಿದಳು. "ಕರೆಂಟ್ ಒಲೆ ಒಂದು ಹಾಕ್ಸಿ. ಗ್ಯಾಸಿನ ಹತ್ರ ನಾನು ಹೋಗಲ್ಲ. ನಂಗೆ ಕಣ್ಣಿದೆ, ಕಿವಿ ಇದೆ, ಇಷ್ಟು ವರ್ಷ ಸೌಟು ಹಿಡಿದ ಕೈಯಿದೆ. ಸತ್ತವರ ಜಾಗಕ್ಕೆ ಬೇರೆಯವರನ್ನ ತಗೊಂಡ್ರಿ, ಸರಿ. ಬದುಕಿರೋಳ ಜಾಗ ಯಾಕೆ ಕಿತ್ಕೊಂಡ್ರಿ?" ಅವನು ಗೊಣಗಿದ, ಮೇಲಿನವರನ್ನು ಕೇಳಬೇಕೆಂದ. ಅವಳು ದಿನಾ ಹೋಗಿ ಅವನ ಬಾಗಿಲಲ್ಲಿ ನಿಂತಳು. ಕಾಟ ತಾಳಲಾರದೆ ಕೊನೆಗೂ ಒಲೆ ತರಿಸಿದ.

ಮೊದಲ ದಿನ ಎಣ್ಣೆ ಕಾದ ಸದ್ದಿಗೆ ಕಿವಿಗೊಟ್ಟು, ಈರುಳ್ಳಿಯ ಬಣ್ಣ ನೋಡಿ ಅಡುಗೆ ಮಾಡಿದಳು. ಉಪ್ಪು ಕೈಮೀರಿತು. ಕೆಲಸಗಾರರು ತಟ್ಟೆಯಲ್ಲೇ ಬಿಟ್ಟು ಸದ್ದಿಲ್ಲದೆ ಎದ್ದರು. ಅವಳು ಸೌಟು ಹಿಡಿದೇ ಹೊರಬಂದು ಬಾಗಿಲಿಗೆ ಅಡ್ಡ ನಿಂತಳು.

"ಉಪ್ಪು ಜಾಸ್ತಿ ಆಗಿದ್ರೆ ಬಾಯಿಬಿಟ್ಟು ಹೇಳಿ. ಪಾಪ ಅಂತ ಸುಮ್ನೆ ಎದ್ದು ಹೋದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?"

"ಜಾಸ್ತಿ ಆಗಿದೆಯಕ್ಕ," ಎಂದ ಮುಂದಿದ್ದ ವೆಲ್ಡರ್ ಮೆಲ್ಲಗೆ. "ಬಾಳಾನೇ ಜಾಸ್ತಿ."

"ಹಾಗನ್ನಿ ಮತ್ತೆ," ಎಂದು ಅವಳು ಒಳಗೆ ಹೋಗಿ, ಸಾರಿನ ಪಾತ್ರೆಗೆ ಇನ್ನೊಂದಿಷ್ಟು ನೀರು ಸುರಿದಳು.