ದೊಡ್ಡಪ್ಪನ ಫುಲ್ ಟಿಕೆಟ್ಟು

ದೊಡ್ಡಪ್ಪನ ಬಲಗಣ್ಣಿನ ಒಳಪದರದಲ್ಲಿ ನೀರು ತುಂಬಿದೆ, ತಿಂಗಳಿಗೊಂದರಂತೆ ಐದು ಇಂಜೆಕ್ಷನ್ ಆಗಬೇಕು ಎಂದು ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಹೇಳಿದ್ದರು. ಮೊದಲ ಇಂಜೆಕ್ಷನ್ನಿನ ಹೊತ್ತಿಗೆ ನಾನು ರಜೆಗೆಂದು ತವರುಮನೆ ಆಡೂರಿಗೆ ಬಂದಿದ್ದೆ. ಅಪ್ಪ ಅವನ ಜೊತೆ ಹೊರಟಿದ್ದ. ಇಬ್ಬರಿಗೂ ಹುಬ್ಬಳ್ಳಿಯ ಗದ್ದಲ ಅಷ್ಟಕ್ಕಷ್ಟೇ ಎಂದು ನಾನೂ ಹೊರಟೆ. ಹಾನಗಲ್ಲಿನಲ್ಲಿ ಬಸ್ಸು ಹತ್ತಿದಾಗ ಮೂವರು ಕೂಡುವ ಸೀಟೇ ಸಿಕ್ಕಿತು. ಕಿಟಕಿಗೆ ದೊಡ್ಡಪ್ಪ, ನಡುವೆ ಅಪ್ಪ, ತುದಿಗೆ ನಾನು.

ಕಂಡಕ್ಟರು ನನಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು. ನನ್ನ ಆಧಾರ್ ಕಾರ್ಡು ನೋಡಿ, ಹೆಂಗಸರಿಗೆ ಪುಕ್ಕಟೆಯೆಂದು ದುಡ್ಡಿನ ಜಾಗದಲ್ಲಿ ಸೊನ್ನೆ ಇರುವ ಚೀಟಿ ಹರಿದು ಕೊಟ್ಟಳು. ಅಪ್ಪನ ಕಾರ್ಡು ನೋಡಿ, "ಹಿರಿಯ ನಾಗರಿಕರು, ನಿಮಗ ಕಡಿಮಿ ಐತ್ರಿ" ಎಂದು ರಿಯಾಯಿತಿ ಟಿಕೆಟ್ಟು ಕೊಟ್ಟಳು. ದೊಡ್ಡಪ್ಪನ ಕಾರ್ಡನ್ನು ಮಾತ್ರ ಎರಡು ಸಲ ನೋಡಿದಳು. ಆಮೇಲೆ ದೊಡ್ಡಪ್ಪನ ಮುಖ ನೋಡಿದಳು. ಅಲ್ಲಿ ನೆರೆತ ಗಡ್ಡ, ಹಣೆಯ ತುಂಬ ವಿಭೂತಿ, ಹಲ್ಲಿಲ್ಲದೆ ಒಳಗೆ ಸರಿದ ತುಟಿ.

"ಅಜ್ಜಾರ, ನಿಮಗಿನ್ನೂ ಅರವತ್ತ ಆಗಿಲ್ರಿ. ಫುಲ್ ತಗೋಬೇಕು."

"ಯಾರಿಗೆ ಆಗಿಲ್ಲ?" ಎಂದ ದೊಡ್ಡಪ್ಪ.

"ನಿಮಗರಿ. ಕಾರ್ಡಿನ್ಯಾಗ ಐವತ್ತೇಳಂತ ಐತಿ."

"ಏ ಯವ್ವಾ, ಇಂವಾ ನನ್ನ ತಮ್ಮ. ಇಂವಗ ಆಗೇತಿ ಅಂತಿ, ನನಗ ಹ್ಯಾಂಗ ಆಗಿಲ್ಲ?"

ಹಿಂದಿನ ಸೀಟಿನಿಂದ ಯಾರೋ ಗಂಡಸು, "ತಮ್ಮ ಮುಂಚೇನ ಹುಟ್ಟ್ಯಾನೇನ್ರಿ?" ಎಂದ. ಅರ್ಧ ಬಸ್ಸು ನಕ್ಕಿತು. ಕಂಡಕ್ಟರಿಗೂ ನಗು ಬಂತು. ಆದರೆ ಅವಳು ಅದನ್ನು ತಡೆದುಕೊಂಡು, "ನಾ ಏನ್ ಮಾಡ್ಲಿರಿ, ಮಷೀನಿಗೆ ಕಾರ್ಡಿನ್ಯಾಗ ಇದ್ದದ್ದ ಹೇಳ್ಬೇಕು" ಎಂದು ಮೆತ್ತಗೆ ಹೇಳಿದಳು. ಅಪ್ಪ ನಗಲಿಲ್ಲ. ದೊಡ್ಡಪ್ಪ ಕಿಟಕಿಯ ಹೊರಗೆ ಮುಖ ತಿರುಗಿಸಿದವನು ಶಿಗ್ಗಾವಿ ದಾಟುವವರೆಗೂ ಇತ್ತ ನೋಡಲಿಲ್ಲ. ಆ ಕಣ್ಣಿಗೆ ಹೊರಗಿನದು ಏನೂ ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ನಾನು ಸವಣೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಒಂದೇ ಮನೆಯ ಮೂವರು, ಒಂದೇ ಸೀಟು, ಒಂದೇ ದಾರಿ, ಮೂರು ತರದ ಟಿಕೆಟ್ಟು. ಅದರಲ್ಲಿ ಎಲ್ಲರಿಗಿಂತ ದೊಡ್ಡವನಿಗೆ ಎಲ್ಲರಿಗಿಂತ ಹೆಚ್ಚು ದುಡ್ಡು. ಲೆಕ್ಕ ಎಲ್ಲಿ ತಪ್ಪಿತು ಎಂದು ನಾನು ಹುಬ್ಬಳ್ಳಿ ಮುಟ್ಟುವವರೆಗೂ ಯೋಚಿಸಿದೆ.

ಹುಬ್ಬಳ್ಳಿಯಲ್ಲಿ ಗೊಂದಲ ಇನ್ನಷ್ಟು ಹೆಚ್ಚಿತು. ಅಲ್ಲಿ ಊರೊಳಗೆ ಓಡಾಡುವ ಬಸ್ಸುಗಳಲ್ಲೇ ಎರಡು ತರ. ಒಂದರಲ್ಲಿ ನಮ್ಮ ಕಡೆಯಂತೆ ಹತ್ತಿ ಕುಳಿತ ಮೇಲೆ ಟಿಕೆಟ್ಟು. ಇನ್ನೊಂದು ರಸ್ತೆಯ ನಡುವೆ ತನ್ನದೇ ಹಾದಿಯಲ್ಲಿ ಓಡುವಂಥದು. ಅದಕ್ಕೆ ಎತ್ತರದ ಕಟ್ಟೆ ಹತ್ತಿ, ಕಿಟಕಿಯಲ್ಲಿ ಮೊದಲೇ ಟಿಕೆಟ್ಟು ಕೊಂಡು, ಗೇಟಿಗೆ ತೋರಿಸಿ ಒಳಗೆ ಹೋಗಬೇಕು. ನಾನು ಕಿಟಕಿಯ ಮುಂದೆ ನಿಂತು ಆಸ್ಪತ್ರೆಯ ಹೆಸರು ಹೇಳುವಷ್ಟರಲ್ಲಿ ಒಳಗಿದ್ದವನು ಒಂದೇ ಉಸಿರಿಗೆ ಕೇಳಿದ:

"ಕಾರ್ಡ್ ಐತೇನ್ರಿ? ದಿನದ ಪಾಸ್ ಕೊಡ್ಲೇನ್ರಿ? ಬರೇ ಹೋಗಾಕೋ, ಹೋಗಿ ಬರಾಕೋ?"

ಯಾವುದು ಕಡಿಮೆ, ಯಾವುದು ಹೆಚ್ಚು, ಯಾವುದರಲ್ಲಿ ನನ್ನ ಸೊನ್ನೆ ನಡೆಯುತ್ತದೆ, ಯಾವುದರಲ್ಲಿ ಅಪ್ಪನ ರಿಯಾಯಿತಿ ನಡೆಯುತ್ತದೆ, ನನಗೆ ಒಂದೂ ಹೊಳೆಯಲಿಲ್ಲ. ಹಿಂದೆ ಸರದಿ ಬೆಳೆಯುತ್ತಿತ್ತು. ಅಷ್ಟರಲ್ಲಿ ದೊಡ್ಡಪ್ಪ ನನ್ನ ಹೆಗಲ ಮೇಲಿಂದ ತಲೆ ಹಾಕಿ, "ನಮ್ಮಪ್ಪಾ, ಇಲ್ಲೆ ನನ್ನ ವಯಸ್ಸ ಎಷ್ಟ ಹಿಡೀತೀರಿ?" ಎಂದು ಕೇಳಿದ.

"ವಯಸ್ಸ ನಿಮ್ಮ ಕಡೇನ ಇರ್ಲಿರಿ ಅಜ್ಜಾರ. ಎಲ್ಲಿಗೆ ಹೋಗ್ತೀರಿ, ಅದನ್ನ ಹೇಳ್ರಿ."

ದೊಡ್ಡಪ್ಪನಿಗೆ ಆ ಮಾತು ಬಹಳ ಹಿಡಿಸಿತು. "ಇದು ಚಲೋ ಬಸ್ಸು" ಎಂದ. ನಾನು ಗಡಿಬಿಡಿಯಲ್ಲಿ ಮೂವರಿಗೂ ದಿನದ ಪಾಸನ್ನೇ ಕೊಂಡೆ. ಇಂಜೆಕ್ಷನ್ ಆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ದೊಡ್ಡಪ್ಪನನ್ನು ಆಟೋದಲ್ಲೇ ಕರೆತರಬೇಕಾಯಿತು. ಮೂರು ಪಾಸೂ ಒಂದೊಂದೇ ಸಲ ಬಳಕೆಯಾಗಿ ನನ್ನ ಪರ್ಸಿನಲ್ಲಿ ಉಳಿದವು.

ಮುಂದಿನ ತಿಂಗಳು ನಾನು ನನ್ನ ಮನೆಯಿರುವ ಶಿಗ್ಗಾವಿಯಲ್ಲಿ ಅವರ ಬಸ್ಸು ಹತ್ತಿದೆ. ಅಪ್ಪ ಮುಂದೆ ಮೂರನೇ ಸೀಟಿನಲ್ಲಿದ್ದ. ದೊಡ್ಡಪ್ಪ ಕೊನೆಯ ಉದ್ದ ಸೀಟಿನಲ್ಲಿ ಯಾರದೋ ಚೀಲದ ಪಕ್ಕ ಕುಳಿತಿದ್ದ. ಬಸ್ಸಿನ ನಡುವೆ ಎಷ್ಟೋ ಸೀಟು ಖಾಲಿ ಇದ್ದವು.

"ಯಾಕ ದೊಡ್ಡಪ್ಪಾ, ಇಷ್ಟ ಹಿಂದ?" ಎಂದೆ.

"ಇಲ್ಲೆ ಗಾಳಿ ಚಲೋ ಬರ್ತೈತಿ."

ಅಪ್ಪನ ಹತ್ತಿರ ಹೋದರೆ ಅವನು, "ಅಂವಾ ಹಾನಗಲ್ಲನ್ಯಾಗ ಹತ್ತಿದ ಕೂಡ್ಲೇ ಹಿಂದ ಹ್ವಾದ. ನಾ ಏನ್ ಅಂದಿಲ್ಲ" ಎಂದಷ್ಟೇ ಹೇಳಿದ. ಅರವತ್ತು ವರ್ಷ ಒಂದೇ ಬಟ್ಟಲಲ್ಲಿ ಉಂಡವರು. ಹೊಲ ಪಾಲಾಗಲಿಲ್ಲ, ಒಲೆ ಬೇರೆಯಾಗಲಿಲ್ಲ. ಈಗ ಬಸ್ಸಿನಲ್ಲಿ ಬೇರೆ ಬೇರೆ ಕುಳಿತಿದ್ದರು. ಯಾರ ಹತ್ತಿರ ಕೂರುವುದೆಂದು ತಿಳಿಯದೆ ನಾನು ನಡುವಿನ ಖಾಲಿ ಸೀಟಿನಲ್ಲಿ ಒಬ್ಬಳೇ ಕುಳಿತೆ.

ಆ ಸಲ ಆಸ್ಪತ್ರೆಯ ಬೆಂಚಿನ ಮೇಲೆ ದೊಡ್ಡಪ್ಪನನ್ನು ಕೇಳಿದೆ, ಕಾರ್ಡಿನಲ್ಲಿ ವಯಸ್ಸು ಹೀಗೇಕಾಯಿತು ಎಂದು. ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಕಾರ್ಡು ಮಾಡಿಸುವ ದಿನ ಅಪ್ಪ ಊರಲ್ಲಿರಲಿಲ್ಲ. ಮನೆಯ ಕಾಗದಪತ್ರವೆಲ್ಲ ಅಪ್ಪನದೇ ಕೆಲಸ. ಹುಟ್ಟಿದ್ದು ಯಾವಾಗ ಎಂದು ಕೇಳಿದಾಗ ದೊಡ್ಡಪ್ಪ, "ನೀವ ಮುಖ ನೋಡಿ ಬರಕೋರಿ" ಎಂದಿದ್ದನಂತೆ. ಆಗ ಅವನ ಮೀಸೆ ಇನ್ನೂ ಕಪ್ಪಗಿತ್ತು.

"ಶಾಲಿಗೆ ಹೋಗಿದ್ದಿ ಅಲ್ಲ? ಅಲ್ಲೆ ಬರದಿರಬೇಕು."

"ಎರಡ ವರ್ಷ ಹೋಗೇನಿ. ಹಂಸಭಾವ್ಯಾಗ, ನಮ್ಮ ಸ್ವಾದರಮಾವನ ಮನ್ಯಾಗ ಇದ್ದಾಗ."

ಹಾಗಾದರೆ ಅಲ್ಲಿಯ ದಾಖಲೆ ತಂದು ಕಾರ್ಡು ತಿದ್ದಿಸಿದರಾಯಿತು. ನನಗೆ ಅದು ಎರಡೇ ಹೆಜ್ಜೆಯ ಲೆಕ್ಕದಂತೆ ಕಂಡಿತು. ಶಾಲೆಗೆ ರಜೆ ಹಾಕಿ, ಹಿಂದಿನ ದಿನವೇ ಆಡೂರಿಗೆ ಹೋಗಿ, ಒಂದು ಶನಿವಾರ ಇಬ್ಬರನ್ನೂ ಹೊರಡಿಸಿದೆ.

ಹಾನಗಲ್ಲಿನಲ್ಲಿ ಹಿರೇಕೆರೂರು ಬಸ್ಸು ಹತ್ತಿ ಮೂರು ಹಂಸಭಾವಿ ಎಂದೆ. ಕಂಡಕ್ಟರು, "ಇದು ಹಂಸಭಾವಿ ಮ್ಯಾಲೆ ಹೋಗೂದಿಲ್ರಿ ಅಕ್ಕಾರ. ಹಿರೇಕೆರೂರಿಗೆ ಹೋಗಿ ಹಿಂದ ಬರ್ಬೇಕು, ಇಲ್ಲಾ ಇಳೀರಿ" ಎಂದ. ಬಸ್ಸು ಆಗಲೇ ಹೊರಟಿತ್ತು. ಹೋಗೋಣ ಎಂದೆ. ಅವನು ನನಗೆ ಸೊನ್ನೆಯ ಚೀಟಿ ಕೊಟ್ಟು ಅಪ್ಪನತ್ತ ತಿರುಗಿದ.

"ಯಜಮಾನ್ರ, ನಿಮಗ ರಿಯಾಯಿತಿ ಇರಬೇಕಲ್ರಿ? ಕಾರ್ಡ್ ತೋರ್ಸ್ರಿ."

"ಕಾರ್ಡ್ ತಂದಿಲ್ರಿ. ಫುಲ್ಲ ಕೊಡ್ರಿ" ಎಂದ ಅಪ್ಪ.

ಅಂಗಿಯ ಕಿಸೆಯಲ್ಲಿ ಕಾರ್ಡಿನ ತುದಿ ಹೊರಗೆ ಇಣುಕುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ದೊಡ್ಡಪ್ಪ, "ಕಿಸೇದಾಗ ಐತಲ್ಲೋ" ಎಂದು ಸಣ್ಣ ದನಿಯಲ್ಲಿ ಹೇಳಿದ.

"ಸುಮ್ನಿರಣ್ಣಾ."

ಕಂಡಕ್ಟರು ಒಮ್ಮೆ ಇವನನ್ನು ಒಮ್ಮೆ ಅವನನ್ನು ನೋಡಿ, ಎರಡು ಫುಲ್ ಹರಿದು ಕೊಟ್ಟು ಮುಂದೆ ಹೋದ. ಆಮೇಲೆ ಗೊತ್ತಾಯಿತು, ಹಿಂದಿನ ತಿಂಗಳು ಹುಬ್ಬಳ್ಳಿಗೆ ಹೋಗುವಾಗಲೂ, ನಾನು ಹತ್ತುವ ಮೊದಲೇ, ಅಪ್ಪ ಹೀಗೇ ಮಾಡಿದ್ದ.

"ಯಾಕಪ್ಪಾ? ನಿನಗ ಬರೂದನ್ನ ಯಾಕ ಬಿಡ್ತಿ?" ಎಂದೆ.

"ಇಬ್ಬರದೂ ಒಂದ ಚೀಟಿ ಇರ್ಲಿ ಅಂತ" ಎಂದ. ದೊಡ್ಡಪ್ಪ ತನ್ನ ಟಿಕೆಟ್ಟನ್ನು ಮಡಚುತ್ತಾ ಬಿಚ್ಚುತ್ತಾ ಕುಳಿತ.

ಹಿರೇಕೆರೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ, ಹಂಸಭಾವಿಯ ಶಾಲೆ ಮುಟ್ಟಿದಾಗ ಮಕ್ಕಳು ಮನೆಗೆ ಹೋಗಿದ್ದರು. ಮುಖ್ಯ ಶಿಕ್ಷಕಿ ನಮಗಾಗಿಯೇ ಕುಳಿತಿದ್ದರು. ನಾನೂ ಶಿಕ್ಷಕಿ ಎಂದು ಫೋನಿನಲ್ಲಿ ಹೇಳಿದ್ದು ಉಪಯೋಗಕ್ಕೆ ಬಂದಿತ್ತು. ಕಪಾಟಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದು, ಧೂಳು ಒರೆಸಿ, ಹಾಳೆ ತಿರುಗಿಸಿ ದೊಡ್ಡಪ್ಪನ ಹೆಸರಿನ ಮೇಲೆ ಬೆರಳಿಟ್ಟರು. ಹುಟ್ಟಿದ ದಿನ ಜೂನ್ ಒಂದು. ಅವನ ಮೇಲಿನ ಹುಡುಗನದೂ ಜೂನ್ ಒಂದು. ಕೆಳಗಿನವನದೂ ಅದೇ. ಆ ಹಾಳೆಯ ತುಂಬ ಜೂನ್ ಒಂದು.

"ಆ ವರ್ಷ ಸೇರಿದಾವ್ರು ಎಲ್ಲಾರೂ ಒಂದ ದಿನ ಹುಟ್ಟ್ಯಾರ್ರಿ" ಎಂದು ಅವರು ನಕ್ಕರು. ನಾನೂ ನಕ್ಕೆ. ಆಮೇಲೆ ಇಸವಿ ನೋಡಿ ಬೆರಳು ಮಡಚಿ ಎಣಿಸಿದೆ. ದೊಡ್ಡಪ್ಪನಿಗೆ ಅರವತ್ತೊಂದು.

"ಆತಲ್ಲ ದೊಡ್ಡಪ್ಪಾ, ಅರವತ್ತ ದಾಟೇತಿ!" ಎಂದೆ.

"ತಮ್ಮಗ ಎಷ್ಟ?"

ಆಗ ನನಗೆ ಹೊಳೆಯಿತು. ಅಪ್ಪನ ಶಾಲೆಯ ದಾಖಲೆಯಂತೆ ಅವನಿಗೆ ಅರವತ್ಮೂರು. ದೊಡ್ಡಪ್ಪ ತಡವಾಗಿ, ಎತ್ತು ಕಾಯುವುದು ಮುಗಿದ ಮೇಲೆ ಶಾಲೆಗೆ ಸೇರಿದವನು. ಮೊದಲನೇ ಇಯತ್ತೆಗೆ ಹೊಂದುವಂತೆ ಮಾಸ್ತರರು ವಯಸ್ಸು ಇಳಿಸಿ ಬರೆದಿರಬೇಕು.

"ಅಂದ್ರ ನಾ ಇನ್ನೂ ತಮ್ಮನ ಅದೇನಿ?" ಎಂದ ದೊಡ್ಡಪ್ಪ, ಮುಖ್ಯ ಶಿಕ್ಷಕಿಯ ಕಡೆ ತಿರುಗಿ.

"ದಾಖಲೆ ಪ್ರಕಾರ ಹಂಗ ಆಗ್ತೈತ್ರಿ, ಅಜ್ಜಾರ."

"ಹಂಗ ಹ್ಯಾಂಗ ಆಕ್ಕೈತ್ರಿ? ಇಂವಾ ಹುಟ್ಟಿದ ದಿನ ನನಗ ನೆನಪೈತಿ. ಮಧ್ಯಾಹ್ನ. ನಮ್ಮವ್ವ ರೊಟ್ಟಿ ಬಡಿಯಾಕತ್ತಿದ್ಲು, ಹಂಗ ಗ್ವಾಡಿ ಹಿಡದು ಕುಂತ್ಲು. ಸೂಲಗಿತ್ತೀನ ಕರಕೊಂಬಾ ಅಂದ್ಲು. ನಾ ಓಡಿದೆ. ಆಕಿ ಹೊಲದಾಗಿದ್ಲು, ಕಳೆ ತಗ್ಯಾಕ ಹೋಗಿದ್ಲು. ಆಕೀ ಸೀರಿ ಸೆರಗ ಹಿಡದ ಎಳಕೊಂಡ ಬಂದೇನಿ. ನಾವು ಬರೂದ್ರಾಗ ಇಂವಾ ಹುಟ್ಟಿ ಬಿಟ್ಟಿದ್ದ. ನಾನ ಮೊದಲ ನೋಡಿದ್ದು. ಕಿವಿ ಮ್ಯಾಲೆ ಹಿಟ್ಟ ಹತ್ತಿತ್ತು, ನಮ್ಮವ್ವನ ಕೈದು. ನಾನ ಒರೆಸೇನಿ."

ಅವನು ತನ್ನ ಅಂಗಿಯ ತೋಳಿನಿಂದ ಗಾಳಿಯಲ್ಲಿ ಒರೆಸಿ ತೋರಿಸಿದ. ಮುಖ್ಯ ಶಿಕ್ಷಕಿ ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದರು. "ಖರೇ ಇರಬೇಕ್ರಿ. ಆದ್ರ ಅದನ್ನ ನಾ ಎಲ್ಲೆ ಬರೀಲಿ?" ಎಂದರು. ಇದ್ದದ್ದನ್ನೇ ಬರೆದು, ಸಹಿ ಮಾಡಿ, ಮುದ್ರೆ ಒತ್ತಿ ಕೊಟ್ಟರು.

ಅಪ್ಪನ ಮುಖ ನೋಡಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತನ್ನು ಅವನು ಕೇಳಿರಲಿಲ್ಲ ಎಂದು ಆ ಮುಖವೇ ಹೇಳುತ್ತಿತ್ತು. ಹಿಂದಿರುಗುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಅಪ್ಪ ಏನೋ ಕೇಳುತ್ತಿದ್ದ, ದೊಡ್ಡಪ್ಪ ಹೇಳುತ್ತಿದ್ದ. ಎಂಜಿನ್ನಿನ ಸದ್ದಿನಲ್ಲಿ ನನಗೆ ಒಂದೂ ಕೇಳಿಸಲಿಲ್ಲ.

ಮುಂದಿನ ವಾರ ದೊಡ್ಡಪ್ಪನನ್ನು ಸವಣೂರಿಗೆ ಕರೆಸಿಕೊಂಡೆ. ನಮ್ಮ ಶಾಲೆಯ ಹತ್ತಿರವೇ ಕಾರ್ಡು ತಿದ್ದುವ ಜಾಗವಿದೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ಶಾಲೆಯ ಕಾಗದ ನೋಡಿ ಎಲ್ಲವನ್ನೂ ತುಂಬಿ, "ಅರವತ್ತೊಂದು ಆಗ್ತೈತ್ರಿ. ಸರಿ ಐತಂದ್ರ ಇಲ್ಲೆ ಹೆಬ್ಬಟ್ಟ ಇಡ್ರಿ" ಎಂದಳು. ದೊಡ್ಡಪ್ಪ ಹೆಬ್ಬೆರಳನ್ನು ಅಂಗಿಗೆ ಉಜ್ಜಿ ಗಾಜಿನ ಹತ್ತಿರ ಒಯ್ದವನು ಅಲ್ಲೇ ತಡೆದ.

"ಬ್ಯಾಡ ಬಿಡವಾ" ಎಂದ.

"ಯಾಕ? ಟಿಕೆಟ್ ಕಡಿಮಿ ಆಗ್ತೈತಿ."

"ಮದ್ಲ ಮಂದಿ ಬರದ್ರು, ನಡೀತು. ಈಗ ನಾನ ಹೆಬ್ಬಟ್ಟ ಒತ್ತಿ ತಮ್ಮಗಿಂತ ಸಣ್ಣಾಂವ ಆಗ್ಲೇನು?"

"ಈಗಿನ ಕಾರ್ಡಿನ್ಯಾಗ ನೀ ಇನ್ನೂ ಸಣ್ಣಾಂವ ಅದೀ ದೊಡ್ಡಪ್ಪಾ! ಐವತ್ತೇಳಕ್ಕಿಂತ ಅರವತ್ತೊಂದು ಹೆಚ್ಚಲ್ಲ?"

"ಅದು ಅವ್ರು ಬರದದ್ದು" ಎಂದು ಎದ್ದು ನಿಂತ.

ಹುಡುಗಿ ನನ್ನನ್ನು ನೋಡಿದಳು. ನಾನು ಯಾರನ್ನು ನೋಡಲಿ? ಅವನ ಮಾತು ತಪ್ಪು ಎಂದು ಸಾಧಿಸುವ ಲೆಕ್ಕ ನನ್ನಲ್ಲಿತ್ತು. ಸರಿಯೂ ಇರಬಹುದು ಎಂದು ಮನಸ್ಸಿನ ಯಾವುದೋ ಮೂಲೆ ಹೇಳುತ್ತಿತ್ತು. ಹೊರಗೆ ಬಂದು ಇಬ್ಬರೂ ಚಹಾ ಕುಡಿದೆವು. ಅವನು ಎರಡು ಬಿಸ್ಕೀಟು ಅದ್ದಿಕೊಂಡು ತಿಂದು, ನಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ವಿಚಾರಿಸಿದ.

ಐದೂ ಇಂಜೆಕ್ಷನ್ ಮುಗಿದು ಮತ್ತೆ ತೋರಿಸಲು ಹೋದ ದಿನ ಡಾಕ್ಟರು ಗೋಡೆಯ ಫಲಕದ ಮೇಲಿನ ಅಕ್ಷರ ಓದಿಸಿದರು. ದೊಡ್ಡಪ್ಪ ನಾಲ್ಕನೇ ಸಾಲಿನವರೆಗೂ ಓದಿದ. ಇನ್ನು ಆರು ತಿಂಗಳು ಬರುವುದು ಬೇಡ ಎಂದರು. ಹಿಂದಿರುಗುವ ಬಸ್ಸಿನಲ್ಲಿ ಅಣ್ಣತಮ್ಮಂದಿರು ಕೂಡಿಯೇ ಕುಳಿತಿದ್ದರು. ಕಂಡಕ್ಟರು ಬಂದಾಗ ಅಪ್ಪ, "ಎರಡ ಫುಲ್ ಕೊಡ್ರಿ. ಇದು ನಮ್ಮ ಮಗಳು, ಆಕೀ ಕಾರ್ಡ್ ಆಕೀ ಕಡೆ ಐತಿ" ಎಂದ.

"ಯಜಮಾನ್ರ, ನಿಮಗ ಅರವತ್ತ ಆಗಿಲ್ಲೇನ್ರಿ?"

"ಆಗೇತ್ರಿ. ಫುಲ್ಲ ಕೊಡ್ರಿ."

ಕಂಡಕ್ಟರು ನನ್ನ ಕಡೆ ನೋಡಿದ. ಕೊಡಿ ಎಂದು ತಲೆಯಾಡಿಸಿದೆ. ರಾತ್ರಿ ಊಟಕ್ಕೆ ಕುಳಿತಾಗ ನನ್ನ ಗಂಡ ಇದನ್ನೆಲ್ಲ ಕೇಳಿ, "ಸಿಗೂದನ್ನ ಬಿಟ್ಟು ಹೆಚ್ಚಿಗೆ ಯಾಕ ಕೊಡ್ತಾರ ನಿಮ್ಮಪ್ಪಾರು?" ಎಂದರು. "ಗೊತ್ತಿಲ್ಲ, ಅವರಿಗೆ ಅದ ಸರಿ ಅನಸ್ತೈತಿ" ಎಂದು ಸಾರು ಬಡಿಸಿದೆ.

ಆ ಸಂಜೆ ಶಿಗ್ಗಾವಿ ಹತ್ತಿರವಾಗುತ್ತಿದ್ದಂತೆ ದೊಡ್ಡಪ್ಪ ರಸ್ತೆಬದಿಯ ಬೋರ್ಡುಗಳನ್ನು ಒಂದೊಂದಾಗಿ ಓದತೊಡಗಿದ್ದ. ಗೊಬ್ಬರದ ಅಂಗಡಿ, ಟೈರಿನ ಅಂಗಡಿ, ಹಿರೇಬೆಂಡಿಗೇರಿ ಎಂದು ಬಾಣದ ಗುರುತು ಹಾಕಿದ ಹಲಗೆ. ಓದಿದ್ದೆಲ್ಲ ಸರಿಯೇ ಎಂದು ಪ್ರತಿಸಲ ಅಪ್ಪನನ್ನು ಕೇಳುತ್ತಿದ್ದ. ಅಪ್ಪ, "ಬರೋಬ್ಬರಿ ಐತಿ ಅಣ್ಣಾ" ಎನ್ನುತ್ತಿದ್ದ. ನಾನು ಇಳಿದಾಗಲೂ ಅವರಿಬ್ಬರೂ ಬಸ್ ನಿಲ್ದಾಣದ ಫಲಕವನ್ನು ಓದುವುದರಲ್ಲಿದ್ದರು. ಕೈ ಬೀಸಿದ್ದನ್ನು ಇಬ್ಬರೂ ನೋಡಲಿಲ್ಲ.