ಹಲೋ ಅಕ್ಕ ಈಗ ಮಾತಾಡುವುದಿಲ್ಲ

ಬೆಳಗಿನ ಪಾಳಿಯ ಬಸ್ಸು ಹಲೋ ಅಕ್ಕನನ್ನು ಇಳಿಸಿ ಹೋಗುವಾಗ ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಕಟ್ಟಡದ ಹಿಂಬಾಗಿಲಲ್ಲಿ ಕಾವಲುಗಾರ ಆಕಳಿಸುತ್ತಲೇ ಚೀಲದೊಳಗೆ ಇಣುಕುತ್ತಾನೆ. ಊಟದ ಡಬ್ಬಿ, ಕನ್ನಡಕ, ಬಿಸಿನೀರಿನ ಫ್ಲಾಸ್ಕು. ಈಗ ಫ್ಲಾಸ್ಕಿನ ಅಗತ್ಯವೇನೂ ಇಲ್ಲ. ಆದರೂ ಎದ್ದ ಕೂಡಲೇ ನೀರು ಕಾಯಿಸಿ ತುಂಬದಿದ್ದರೆ ದಿನವೆಲ್ಲ ಏನೋ ಮರೆತಂತೆ ಅನಿಸುತ್ತದಂತೆ. ಮೂರನೇ ಮಹಡಿಯಲ್ಲಿ ಲಿಫ್ಟಿನಿಂದ ಹೊರಬಂದು ಎಡಕ್ಕೆ ತಿರುಗುತ್ತಾರೆ, ನಾಲಿಗೆ ಕಚ್ಚಿಕೊಂಡು ನಿಲ್ಲುತ್ತಾರೆ, ಮತ್ತೆ ಬಲಕ್ಕೆ ಹೊರಳುತ್ತಾರೆ. ಎಡಗಡೆ ಇದ್ದದ್ದು ದೂರವಾಣಿ ವಿಭಾಗ. ಈಗ ಅಲ್ಲಿ ದೀಪ ಹಾಕುವವರೂ ಇಲ್ಲ.

ಮನೆಗಳಿಗೆ ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಯೊಂದರ ಸಹಾಯ ಕೇಂದ್ರವಿದು. ನಿಮ್ಮ ಮನೆಯ ಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇದೆಯಲ್ಲ, ಹಸಿರು ದೀಪದ್ದು, ಅದರ ದೀಪ ಕೆಂಪಾದ ಕ್ಷಣ ನಿಮಗೆ ಲೋಕವೇ ಮುಳುಗಿದಂತಾಗಿ ಒಂದು ನಂಬರು ಒತ್ತುತ್ತಿದ್ದಿರಿ. ಆ ನಂಬರಿನ ಇನ್ನೊಂದು ತುದಿಯಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದವರು ಇವರು. ಐವತ್ತಕ್ಕೆ ಇನ್ನೆರಡು ವರ್ಷ ಬಾಕಿ. ಕಚೇರಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ‘ಹಲೋ ಅಕ್ಕ’. ಮನೆಯ ಬಾಗಿಲು ಬಡಿದರೂ ‘ಹಲೋ’ ಅನ್ನುತ್ತಿದ್ದರು ಎಂಬುದು ಅವರ ಬಗ್ಗೆ ಇರುವ ಹಳೆಯ ತಮಾಷೆ. ಕೇಳಿದರೆ ಅವರೂ ಇಲ್ಲವೆನ್ನುವುದಿಲ್ಲ.

ಆಗ ದಿನಕ್ಕೆ ಅರವತ್ತು ಎಪ್ಪತ್ತು ಕರೆ. ಅರ್ಧದಷ್ಟು ಜನ ಬೈಗುಳದಿಂದಲೇ ಮಾತು ಶುರು ಮಾಡುತ್ತಿದ್ದರು. ಅದನ್ನೆಲ್ಲ ಕೇಳಿಸಿಕೊಂಡು, ಮೊದಲು ಪೆಟ್ಟಿಗೆಯ ಹಿಂದಿನ ವೈರು ನೋಡಿ ಎಂದು ಹೇಳಬೇಕು. ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಹೊಸಬರು ಆ ಮೌನಕ್ಕೆ ಗಾಬರಿಯಾಗಿ ‘ಹಲೋ ಹಲೋ’ ಎನ್ನುತ್ತ ಗಂಟಲು ಹರಿದುಕೊಳ್ಳುತ್ತಿದ್ದರು. ಅಕ್ಕ ಹಾಗೆ ಮಾಡಿದವರಲ್ಲ.

“ಫೋನಲ್ಲಿ ಸುಮ್ಮನಾದ್ರು ಅಂದ್ರೆ ಅವರು ಏನೋ ಮಾಡ್ತಿದ್ದಾರೆ ಅಂತ ಅರ್ಥ” ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನನಗೆ ವಿವರಿಸುತ್ತಾರೆ. “ಮೇಜಿನ ಕೆಳಗೆ ಬಗ್ಗಿರ್ತಾರೆ, ಧೂಳು ಒರೆಸ್ತಿರ್ತಾರೆ. ನಿಧಾನವಾಗಿ ಮಾಡಿ, ನಾನಿಲ್ಲೇ ಇದ್ದೀನಿ ಅಂದ್ಬಿಟ್ಟು ಕಾಯ್ತಿದ್ದೆ. ನಮ್ಮ ಕೆಲಸದಲ್ಲಿ ಅರ್ಧ ಕಾಯೋದೇ ಅಲ್ವಾ?”

ಸಂಜೆಗೆ ಮನೆ ಮುಟ್ಟುವಷ್ಟರಲ್ಲಿ ಅವರ ದನಿ ಬಿದ್ದುಹೋಗಿರುತ್ತಿತ್ತು. ಗಂಟಲಿಗೆ ವಿಶ್ರಾಂತಿ ಬೇಕೆಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲೊಂದು ಕಟ್ಟುಪಾಡು ಬಂತು. ತಂದವರು ಅತ್ತೆ. ಸೊಸೆ ಬಂದ ಮೇಲೆ ಒಂದು ಗಂಟೆ ಯಾರೂ ಅವಳನ್ನು ಮಾತಾಡಿಸಬಾರದು. ಮುಷ್ಟಿ ತೋರಿಸಿದರೆ ನೀರು ಬೇಕೆಂದು, ಅಂಗೈ ಅಡ್ಡ ಹಿಡಿದರೆ ‘ಆಮೇಲೆ’ ಎಂದು ಅರ್ಥ. ಮಗಳು ಶಾಲೆಯ ಸುದ್ದಿಯನ್ನೆಲ್ಲ ಕೈಸನ್ನೆಯಲ್ಲಿ ಹೇಳುತ್ತಲೇ ಬೆಳೆದಳು. ಗಂಡ ಬೇಕರಿಯ ವ್ಯಾನು ಓಡಿಸುತ್ತಾರೆ, ಮೊದಲೇ ಮಿತಭಾಷಿ. ಹೀಗೆ ಒಂದು ಗಂಟೆ ಎರಡಾಯಿತು, ಎರಡಾದದ್ದು ರಾತ್ರಿಯವರೆಗೂ ಬೆಳೆಯಿತು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಪ್ರೀತಿಯಿಂದ ಹುಟ್ಟಿದ ಮೌನ ಅದು, ಹಾಗಾಗಿ ಯಾರೂ ಅದನ್ನು ಮುರಿಯಲೂ ಇಲ್ಲ.

ಈ ವರ್ಷದ ಆರಂಭದಲ್ಲಿ ಕಂಪನಿ ಫೋನುಗಳನ್ನೇ ಎತ್ತಿಬಿಟ್ಟಿತು. ಜನರಿಗೆ ಈಗ ಮಾತಾಡುವುದಕ್ಕಿಂತ ಬರೆದು ಕೇಳುವುದೇ ಇಷ್ಟ ಎನ್ನುವುದು ಅದರ ವಾದ. ದೂರವಾಣಿ ವಿಭಾಗದ ಬಹುಪಾಲು ಮಂದಿ ಕೈಕುಲುಕಿಸಿಕೊಂಡು ಮನೆಗೆ ಹೋದರು. ನಾಲ್ಕೈದು ಜನರನ್ನು ಮಾತ್ರ ಚಾಟ್ ವಿಭಾಗಕ್ಕೆ ವರ್ಗ ಮಾಡಿದರು. ಅದೂ ಮೂರು ತಿಂಗಳ ಪರೀಕ್ಷೆಯ ಮೇಲೆ. ಪಾಸಾದರೆ ಕುರ್ಚಿ, ಇಲ್ಲದಿದ್ದರೆ ಬೀದಿ. ಗಂಡನ ಬೆನ್ನುನೋವು ಹೆಚ್ಚಾಗಿ ವ್ಯಾನು ವಾರಕ್ಕೆ ಮೂರು ದಿನ ನಿಂತೇ ಇರುತ್ತದೆ. ಮಗಳ ಲ್ಯಾಬ್ ಟೆಕ್ನೀಷಿಯನ್ ಓದು ಅರ್ಧದಲ್ಲಿದೆ. ಮನೆ ನಡೆಯುವುದು ಅಕ್ಕನ ಸಂಬಳದಿಂದ. ಈ ವಯಸ್ಸಿನಲ್ಲಿ ಬೇರೆ ಯಾರು ಕರೆದು ಕೆಲಸ ಕೊಡುತ್ತಾರೆ?

ಹೊಸ ವಿಭಾಗದಲ್ಲಿ ಪರದೆಯ ಮೇಲೆ ಏಕಕಾಲಕ್ಕೆ ನಾಲ್ಕು ಕಿಟಕಿ, ಒಂದೊಂದರಲ್ಲಿ ಒಬ್ಬೊಬ್ಬ ಗ್ರಾಹಕ. ಕೋಣೆಯಲ್ಲಿ ಕೀಲಿಗಳ ಟಕಟಕ ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲ ವಾರ ಅಕ್ಕ ಟೈಪು ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿದ್ದರು. ‘ನಮಸ್ಕಾರ, ನಿಮ್ಮ ತೊಂದರೆ ಏನು’ ಎಂದು ಅವರು ಜೋರಾಗಿ ಕೇಳಿದಾಗ ಪಕ್ಕದ ಕುರ್ಚಿಯ ಹುಡುಗಿ ತನಗೇ ಕೇಳಿದರೆಂದು ತಿಳಿದು, ನಿದ್ದೆ ಸಾಲುತ್ತಿಲ್ಲ ಅಕ್ಕ ಎಂದು ಹೇಳಿಕೊಂಡಳಂತೆ. ಇಡೀ ಸಾಲು ನಕ್ಕಿತು. ಅವತ್ತು ನಕ್ಕಿದ್ದಷ್ಟೇ, ಆಮೇಲೆ ಆ ಕೋಣೆಯಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕ ನೆನಪು ಅಕ್ಕನಿಗಿಲ್ಲ.

ಬಾಯಿಗೆ ಬೀಗ ಹಾಕುವುದನ್ನೇನೋ ಕಲಿತರು. ಕಾಯುವ ಚಟ ಮಾತ್ರ ಹೋಗಲಿಲ್ಲ. ಗ್ರಾಹಕರು ಎರಡು ನಿಮಿಷ ಏನೂ ಬರೆಯದಿದ್ದರೆ ಕಿಟಕಿ ಮುಚ್ಚಿ ಮುಂದಿನವರನ್ನು ಕರೆಯಬೇಕು, ಇಲ್ಲಿಯ ನಿಯಮ ಅದು. ಅಕ್ಕ ಮುಚ್ಚುತ್ತಿರಲಿಲ್ಲ. ನಾಲ್ಕೂ ಕಿಟಕಿಗಳನ್ನು ತೆರೆದಿಟ್ಟುಕೊಂಡು, ಮೇಜಿನ ಕೆಳಗೆ ಬಗ್ಗಿರಬಹುದಾದ ನಾಲ್ಕು ಜನರಿಗಾಗಿ ಕಾಯುತ್ತ ಕೂರುತ್ತಿದ್ದರು. ಯಾರು ಎಷ್ಟು ಕಿಟಕಿ ಮುಗಿಸಿದರೆಂದು ತೋರಿಸುವ ಗೋಡೆಯ ದೊಡ್ಡ ಪರದೆಯಲ್ಲಿ ಅವರ ಹೆಸರು ತಿಂಗಳಿಡೀ ಕಟ್ಟಕಡೆಗೇ ಇತ್ತು.

ತಂಡದ ಮುಖ್ಯಸ್ಥೆ ಅವರ ಅರ್ಧ ವಯಸ್ಸಿನವಳು. ಕೆಟ್ಟವಳೇನಲ್ಲ, ಅವಳ ಕಣ್ಣ ಸುತ್ತಲೂ ಕಪ್ಪಾಗಿದೆ. ಒಂದು ದಿನ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. “ಅಕ್ಕಾ, ಯಾರಿಗೋಸ್ಕರ ಕಾಯ್ತಿದ್ದೀರಿ? ಅವರು ಎದ್ದು ಹೋಗಿ ಎಷ್ಟೊತ್ತಾಯ್ತೋ” ಎಂದು ಕೇಳಿದಳು. ಹೀಗೇ ಮುಂದುವರಿದರೆ ತನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದೂ ತಗ್ಗಿದ ದನಿಯಲ್ಲಿ ಹೇಳಿದಳು. ಮರುದಿನದಿಂದ ಅಕ್ಕ ಮುಚ್ಚತೊಡಗಿದರು.

ಅವರು ಮುಚ್ಚಿದ ಮೊದಮೊದಲ ಕಿಟಕಿಗಳಲ್ಲಿ ಒಬ್ಬ ವೃದ್ಧರದ್ದೂ ಇತ್ತು. ನನ್ನ ಬೆರಳು ನಿಧಾನ, ಬೇಜಾರು ಮಾಡಿಕೊಳ್ಳಬೇಡಿ ಎಂದು ಆತ ಮೊದಲೇ ಬರೆದಿದ್ದರು. ಪೆಟ್ಟಿಗೆಯ ದೀಪ ಯಾವ ಬಣ್ಣದಲ್ಲಿದೆ ನೋಡಿ ಹೇಳಿ ಎಂದು ಅಕ್ಕ ಕೇಳಿದರು. ಎರಡು ನಿಮಿಷವಾಯಿತು. ಮುಖ್ಯಸ್ಥೆ ಹಿಂದೆ ನಿಂತಿದ್ದಳು. ಅಕ್ಕ ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಆ ಮುಚ್ಚಿದ ಕಿಟಕಿಯ ಕೆಳಗೆ ಒಂದು ಪದ ಬಂದು ಕೂತಿತ್ತು. ‘ಕೆಂಪು’. ಒಮ್ಮೆ ಮುಚ್ಚಿದ್ದಕ್ಕೆ ಉತ್ತರ ಬರೆಯಲು ಬರುವುದಿಲ್ಲ. ಆತ ಮತ್ತೆ ಬಂದರೂ ಸಿಗುವುದು ಬೇರೆ ಯಾರಿಗೋ. ಎಲ್ಲವನ್ನೂ ಮೊದಲಿನಿಂದ ಹೇಳಬೇಕು, ಅದೇ ನಿಧಾನದ ಬೆರಳಿನಲ್ಲಿ.

“ಪಾಪ, ಬಗ್ಗಿ ನೋಡಿ, ಎದ್ದು ಬಂದು, ಕನ್ನಡಕ ಹುಡುಕಿ ಬರೆದಿರ್ತಾರೆ” ಎನ್ನುವಾಗ ಅಕ್ಕ ನನ್ನ ಮುಖ ನೋಡುವುದಿಲ್ಲ. “ಅವತ್ತಿಂದ ಗೋಡೆ ಮೇಲೆ ನನ್ನ ಹೆಸರು ಮೇಲಕ್ಕೆ ಹೋಗ್ತಾ ಇದೆ. ಒಬ್ಬರ ಮುಖದ ಮೇಲೆ ಬಾಗಿಲು ಹಾಕಿದಷ್ಟೂ ನಾನು ಒಳ್ಳೆ ಕೆಲಸಗಾರ್ತಿ.”

ಈಗ ದಿನಕ್ಕೆ ನೂರಕ್ಕೂ ಹೆಚ್ಚು ಕಿಟಕಿ. ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುತ್ತಾರೆ. ಗಂಟಲು ಮಾತ್ರ ಹದಿನೆಂಟರ ಹುಡುಗಿಯದ್ದಾಗಿದೆ ಎಂದು ಗೇಲಿ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಕಾವಲುಗಾರನ ಹತ್ತಿರ ಆಡಿದ ಎರಡು ಮಾತು ಬಿಟ್ಟರೆ ಸಂಜೆಯವರೆಗೂ ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಅದೂ ಪರದೆಯ ಮುಂದೆಯೇ.

ನಾನು ಎರಡನೇ ಸಲ ಹೋದ ದಿನ ಮೂರು ತಿಂಗಳು ಮುಗಿದಿತ್ತು. ಪಾಳಿಯ ಕೊನೆಗೆ ಮುಖ್ಯಸ್ಥೆ ಬಂದು, ಖಾಯಂ ಆಯಿತು ಎಂದು ಅಕ್ಕನ ಭುಜ ಹಿಡಿದು ಅದುಮಿದಳು. ಅವಳಿಗೇ ಹೆಚ್ಚು ಸಮಾಧಾನವಾದಂತಿತ್ತು. ಅಕ್ಕ ‘ಆಯ್ತಮ್ಮ’ ಎಂದಷ್ಟೇ ಹೇಳಿ ಕೊನೆಯ ಕಿಟಕಿ ಮುಗಿಸಿದರು. ಬಸ್ಸಿನಲ್ಲಿ ಅವರ ಪಕ್ಕ ಕೂತವನು ನಾನು. ಮಗಳಿಗೆ ಹೇಳಬೇಕು, ಯಜಮಾನರಿಗೆ ಹೇಳಬೇಕು, ಮೊದಲು ಅತ್ತೆಗೇ ಹೇಳುತ್ತೇನೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದರು. ನಿಮ್ಮ ಆಸೆ ಏನು ಎಂದು ಕೇಳಿದ್ದಕ್ಕೆ, ಮನೆಯಲ್ಲಾದರೂ ಯಾರಾದರೂ ನನ್ನನ್ನು ಮಾತಾಡಿಸಬೇಕು, ಅಷ್ಟು ಸಾಕು ಎಂದರು. ನಾನು ಅದನ್ನು ತಮಾಷೆ ಎಂದುಕೊಂಡೆ.

ಎರಡು ಕೋಣೆಯ ಮನೆ. ಬಾಗಿಲು ತೆರೆದ ಅತ್ತೆ ಸೊಸೆಯ ಕೈಯಿಂದ ಚೀಲ ತೆಗೆದುಕೊಂಡು, ಒಂದು ಲೋಟ ನೀರಿಟ್ಟು, ಟೀವಿಯ ದನಿ ಪೂರ್ತಿ ಇಳಿಸಿದರು. ಒಳಗೆ ಓದುತ್ತಿದ್ದ ಮಗಳು ತಲೆಯೆತ್ತಿ ನಕ್ಕು, ಅಂಗೈ ಅಡ್ಡ ಹಿಡಿದಳು. ಆಮೇಲೆ. ಗಂಡ ಮಂಚದ ಮೇಲೆ ಬೆನ್ನಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕಣ್ಣಲ್ಲೇ ಕುಶಲ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. “ಒಂದು ಗಂಟೆ ಬಿಟ್ಟು ಮಾತಾಡ್ಸಿ. ಅವಳ ಗಂಟಲಿಗೆ ಆಯಾಸ ಆಗಿರುತ್ತೆ.” ಈಗ ಬರೆಯುವ ಕೆಲಸವಲ್ಲವೇ ಎಂದೆ. ಬರೆಯುವುದಾದರೂ ಆಫೀಸು ಆಫೀಸೇ ಎಂದುಬಿಟ್ಟರು.

ಅಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನೀರು ಮುಟ್ಟಿರಲಿಲ್ಲ. “ಅತ್ತೆ, ನನ್ನ ಕೆಲಸ ಖಾಯಂ ಆಯ್ತು” ಎಂದರು. ಅತ್ತೆಯ ಮುಖ ಅರಳಿತು. ಸೊಸೆಯ ತಲೆ ನೇವರಿಸಿ, ಸಾಕು ಸುಮ್ಮನಿರು ಎಂಬಂತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಒಳಕ್ಕೆ ಹೊರಟರು. ಅಕ್ಕ ಅವರ ಕೈ ಹಿಡಿದು ನಿಲ್ಲಿಸಿದರು.

“ಕೂತ್ಕೊಳ್ಳಿ ಅತ್ತೆ. ನಂಗೆ ಗಂಟಲು ನೋವಿಲ್ಲ. ಏನಾದ್ರೂ ಮಾತಾಡಿ.”

ಅತ್ತೆ ಕೂತರು. ಇಷ್ಟು ವರ್ಷ ಒಳಗೇ ಇಟ್ಟುಕೊಂಡದ್ದರಲ್ಲಿ ಯಾವುದನ್ನು ಮೊದಲು ಆಡುವುದೆಂದು ತೋಚದೆ, ಏನಂತ ಹೇಳಲಿ ಎಂದು ಮಗನ ಕಡೆಗೊಮ್ಮೆ, ಮೊಮ್ಮಗಳ ಕಡೆಗೊಮ್ಮೆ ನೋಡಿದರು. ಮಗಳು ಪುಸ್ತಕ ಮುಚ್ಚಿಟ್ಟು ಬಾಗಿಲಿಗೆ ಬಂದು ನಿಂತಳು. ಒಂದು ನಿಮಿಷ ಹೋಯಿತು. ಎರಡು ನಿಮಿಷವೂ ದಾಟಿತು. ಅಕ್ಕ ಅತ್ತೆಯ ಕೈ ಹಿಡಿದೇ ಇದ್ದರು.

“ನಿಧಾನವಾಗಿ ಹೇಳಿ ಅತ್ತೆ” ಎಂದರು. “ನಾನಿಲ್ಲೇ ಇದ್ದೀನಿ.”