ಮೊದಲು ಇಳಿದ ಎಣ್ಣೆ

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಕ್ಷಮಿಸಿ. ಬರೆಯುತ್ತಿರುವುದು ಭಕ್ತಿ ಅಕ್ಕನ ಬಗ್ಗೆ. ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಆಕೆ ತೇರದಾಳದ ಜೈನರ ಮನೆಯವಳು. ಜಮಖಂಡಿಯಲ್ಲಿ ಬಿ.ಎಸ್ಸಿ. ಮುಗಿಸಿ, ಗಲಗಲಿ ಹತ್ತಿರ ಶಿದ್ರಾಮಪ್ಪ ಸಾವುಕಾರರ ಎಣ್ಣೆ ಭಟ್ಟಿಗೆ ಕೆಲಸಕ್ಕೆ ಬಂದಳು. ಇಲ್ಲಿ ಅಜವಾನದ ಕಾಳಿಗೆ ಉಗಿ ಹಾಯಿಸಿ ಎಣ್ಣೆ ಇಳಿಸುತ್ತೇವೆ. ಆ ಎಣ್ಣೆಯಲ್ಲಿ ಯಾವ ಅಂಶ ಎಷ್ಟಿದೆ ಎಂದು ಮಷಿನ್ನಿನಲ್ಲಿ ಅಳೆಯುವುದು ಆಕೆಯ ಕೆಲಸ. ನಾನು ಹೊರಗೆ, ಉಗಿಯ ಮುಂದೆ; ಅಳೆಯಲು ಎಣ್ಣೆಯನ್ನು ಬಾಟಲಿಗೆ ತುಂಬಿ ಕೊಡುವವಳೂ ನಾನೇ. ಆಕೆ ಏಸಿ ಕೋಣೆಯಲ್ಲಿ. ಸಣ್ಣ ಸೂಜಿಯಿಂದ ಮಷಿನ್ನಿಗೆ ಹನಿಗಿಂತ ಕಡಿಮೆ ಎಣ್ಣೆ ಚುಚ್ಚುತ್ತಾಳೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಗುಡ್ಡದಂಥ ಗೆರೆಗಳು ಏಳುತ್ತವೆ. ಎಲ್ಲಕ್ಕಿಂತ ದೊಡ್ಡ ಗುಡ್ಡ ಥೈಮಾಲ್. ಅಜವಾನದ ಖಾರ ವಾಸನೆ ಅದರದೇ, ಬೆಲೆಯೂ ಅದಕ್ಕೇ.

ಜೈನರು ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ಆಕೆ ಐದಕ್ಕೇ ಡಬ್ಬಿ ಬಿಚ್ಚುತ್ತಾಳೆ. ಯಾರೂ ಏನೂ ಅನ್ನುವುದಿಲ್ಲ. ನಾನು ನೀರು ಕುಡಿಯಲು ಎದ್ದರೂ, "ಎಲ್ಲಿ ಹೊಂಟಿ ಬೇ?" ಎಂದು ಸಾವುಕಾರರ ಕೂಗು ಬರುತ್ತದೆ.

ಮಷಿನ್ನು ಬಂದದ್ದೂ ಆಕೆಯ ಜೊತೆಗೇ. ಅಂದಿನಿಂದ ಅದರಲ್ಲಿ ಥೈಮಾಲ್ ಕಡಿಮೆಯೇ ಕಾಣುತ್ತಿತ್ತು. ಅದೇ ಎಣ್ಣೆ ಕೊಂಡವರ ಲ್ಯಾಬಿನಲ್ಲಿ ಹೆಚ್ಚು ಬಂತು. ಶಿದ್ರಾಮಪ್ಪ ಸಿಟ್ಟಾದರು.

"ಓದಿದಾಕಿ ಅಂತ ಕುಂದ್ರಿಸೇನಿ. ನಿನ್ನ ಮಷಿನ್ನ ಸುಳ್ಳ ಹೇಳಾಕತ್ತೈತಿ. ಶನಿವಾರದೊಳಗ ಸರಿ ಮಾಡು, ಇಲ್ಲಂದ್ರ ಬ್ಯಾರೆಯವ್ರನ್ನ ನೋಡ್ತೇನಿ."

ನನಗೆ ಒಳಗೊಳಗೇ ಖುಷಿಯಾಯಿತು. ಆ ಕುರ್ಚಿ ಖಾಲಿಯಾದರೆ ನನಗೇನೂ ಸಿಗುವುದಿಲ್ಲ. ಆದರೂ.

ಭಕ್ತಿ ಅಳಲಿಲ್ಲ. ಸೂಜಿ ತೊಳೆದು ಮತ್ತೆ ಅಳೆದಳು. ಅಷ್ಟೇ ಬಂತು. ಆಮೇಲೆ ಭಟ್ಟಿಯ ಹತ್ತಿರ ಬಂದು ನನ್ನ ಪಕ್ಕ ನಿಂತಳು.

"ನನಗ ಕೊಡೂ ಬಾಟ್ಲಿ ಹ್ಯಾಂಗ ತುಂಬತಿ? ತೋರ್ಸು."

"ಮೊದಲ ಇಳದದ್ದರಿ. ಗಾಣದಾಗ ಮೊದಲ ಬೆಲ್ಲ ದೇವರಿಗೆ ತಗೀತಾರಲ್ರೀ, ಹಂಗ. ಲ್ಯಾಬಿಗೆ ಮೊದಲಿನದ ಕೊಡು ಅಂತ ಸಾವ್ಕಾರ್ರ ಹೇಳ್ಯಾರ್ರೀ."

ಆಕೆ ನಕ್ಕುಬಿಟ್ಟಳು. "ನನ್ನ ಮಷಿನ್ನಿಗೆ ನೈವೇದ್ಯ ಹಿಡಿದೀರೇನ! ಹಗುರಾದ ಅಂಶ ಮೊದಲ ಇಳಿತಾವ ಬೇ, ಥೈಮಾಲ್ ಹಿಂದಿಂದ ಬರತೈತಿ."

ಆ ದಿನ ಎಣ್ಣೆ ಪೂರ್ತಿ ಡ್ರಮ್ಮಿಗೆ ಇಳಿಯುವ ತನಕ ಕಾದಳು. ಡ್ರಮ್ಮು ಕಲಸಿ ಇನ್ನೊಂದು ಬಾಟಲಿ ತುಂಬಿದಳು. ಎರಡನ್ನೂ ಅಳೆದು, ಎರಡರ ಗೆರೆಗಳನ್ನೂ ಸಾವುಕಾರರ ಮುಂದಿಟ್ಟಳು. ಡ್ರಮ್ಮಿನದು ಕೊಂಡವರ ಲೆಕ್ಕಕ್ಕೆ ಹೊಂದಿತು. ಅವರು ಎರಡನ್ನೂ ಹೋಲಿಸಿ ನೋಡಿ, "ಖರೆ ಐತಿ ಬಿಡವಾ. ಇನ್ನ ಕಲಸೇ ತುಂಬ್ರಿ," ಎಂದರು. ತಾವೇ ಹೇಳಿದ್ದನ್ನು ಮರೆತು, ಬಾಟಲಿ ತುಂಬಿದವಳು ಯಾರೆಂದು ಕೇಳಿದಾಗ ಆಕೆ ನನ್ನ ಹೆಸರು ಹೇಳಲಿಲ್ಲ.

ಕುರ್ಚಿ ಆಕೆಗೇ ಉಳಿಯಿತು. ಒಳ್ಳೆಯತನವೂ ಆಕೆಯದೇ ಆಯಿತು. ಅದಕ್ಕೂ ನನಗೆ ಹೊಟ್ಟೆಕಿಚ್ಚೇ.

ನಾಳೆ ಆಕೆ ಡಬ್ಬಿ ಮುಗಿಸಿದ ಮೇಲೆ, ಸೂಜಿ ಹಿಡಿಯುವುದನ್ನು ಕಲಿಸಿರಿ ಎಂದು ಕೇಳುತ್ತೇನೆ.